ಇನ್ನೂ ಮುಕ್ಕಾಲು ಐತೆ

ಮರುಳಸಿದ್ದಯ್ಯನ ಕಿವಿಯ ವಿಷಯ ಶೆಟ್ಟಿಕೆರೆ ಸುತ್ತಮುತ್ತ ಗೊತ್ತಿಲ್ಲದವರಿಲ್ಲ. ಅಟ್ಟದ ಮೇಲಿಂದ ಒಂದು ಕಾಯಿ ಎತ್ತಿಕೊಂಡು, ಬಲಗಿವಿಗೆ ಹಿಡಿದು, ಮೂರೇ ಮೂರು ಸಲ ಅಲ್ಲಾಡಿಸುತ್ತಾನೆ. ಕಣ್ಣು ಮುಚ್ಚುತ್ತಾನೆ. ಒಳಗೆ ನೀರು ಇಂಗಿದೆಯೋ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿದೆಯೋ, ಇನ್ನೆಷ್ಟು ದಿನ ಅಟ್ಟದಲ್ಲಿರಬೇಕೋ, ಎಲ್ಲ ಹೇಳಿಬಿಡುತ್ತಾನೆ. ತಿಪಟೂರಿನ ಕೊಬ್ಬರಿ ವ್ಯಾಪಾರಿ ಶಂಭುಲಿಂಗಯ್ಯನವರು ಬೇರೆಯವರ ಅಟ್ಟ ನೋಡಲು ಹೋಗುವಾಗ ಇವನನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುತ್ತಾರೆ. ನಲವತ್ತು ವರ್ಷದಲ್ಲಿ ಒಂದು ಸಲವೂ ಆ ಕಿವಿ ತಪ್ಪಿಲ್ಲವಂತೆ. ಈ ಮಾತನ್ನು ಎಲ್ಲರಿಗಿಂತ ಹೆಚ್ಚು ಸಲ ಹೇಳಿದವನು ಅವನೇ ಅನ್ನಿ.

ಆ ಕಿವಿಯ ಜೊತೆ ಮೂವತ್ತೆಂಟು ವರ್ಷ ಸಂಸಾರ ಮಾಡಿದವಳು ಗಿರಿಜಾಂಬಿಕಾ. ಹತ್ತೊಂಬತ್ತಕ್ಕೆ ಕಂದಿಕೆರೆಯಿಂದ ಮದುವೆಯಾಗಿ ಬಂದಳು. ಬಂದ ಮನೆಯಲ್ಲಿ ಅಡುಗೆಮನೆಯ ನೆತ್ತಿಯ ಮೇಲೇ ಅಟ್ಟ. ಸುಲಿಯದ ಕಾಯಿ ಅಲ್ಲಿ ಹತ್ತಿರ ಹತ್ತಿರ ಒಂದು ವರ್ಷ ಬಿದ್ದಿರಬೇಕು, ಆಗಲೇ ಅದು ಉಂಡೆ ಕೊಬ್ಬರಿ. ಕೆಳಗೆ ಒಲೆ ಉರಿದಷ್ಟೂ ಮೇಲೆ ಕಾಯಿಗೆ ಹದ ಎಂದು ಅತ್ತೆ ಒಲೆ ಆರಲು ಬಿಡುತ್ತಿರಲಿಲ್ಲ. ಮಳೆ ಹಿಡಿದರೆ ಮಟ್ಟೆ ಒಟ್ಟಿ ಬೇಕೆಂತಲೇ ಹೊಗೆ ಹಾಕಬೇಕು. ಹೊಗೆ ನೋಡಿಕೊಳ್ಳುವುದು ಸೊಸೆಯ ಕೆಲಸ. ಕಿಟಕಿ ತೆಗೆದರೆ ಹೊಗೆ ಆಚೆ ಹೋಗುತ್ತದಲ್ಲ, ಅದಕ್ಕೆ ಕಿಟಕಿ ಮುಚ್ಚು. ಕೊಬ್ಬರಿ ಒಡೆಯುವ ಕಾಲ ಬಂತೆಂದರೆ ಮಟ್ಟೆಯ ಧೂಳು, ಚಿಪ್ಪಿನ ಪುಡಿ. ಕೂಲಿಗೆ ಬರುತ್ತಿದ್ದ ಅಂಕಮ್ಮನ ಪಕ್ಕದಲ್ಲಿ ಕೂತು ಯಜಮಾನಿಯೂ ಚಿಪ್ಪು ಒಡೆದಳು. ಇಬ್ಬರೂ ಒಟ್ಟಿಗೆ ಕೆಮ್ಮುತ್ತಿದ್ದರು.

"ನಮ್ದು ಧೂಳ್ ಕೆಮ್ಮು ಕಣವ್ವಾ, ಕಾಯಿ ಮುಗುದ್ರೆ ಹೋಯ್ತದೆ" ಎಂದು ಅಂಕಮ್ಮ ನಗುತ್ತಿದ್ದಳು. ಈ ಸೀಮೆಯಲ್ಲಿ ಕಾಯಿ ಎಂದು ಮುಗಿದಿದೆ ಹೇಳಿ!

ಐವತ್ತು ದಾಟಿದ ಮೇಲೆ ಗಿರಿಜಾಂಬಿಕಾಳ ಉಸಿರು ಕೈಕೊಡತೊಡಗಿತು. ಮೊದಲು ಅಟ್ಟದ ಏಣಿ ಹತ್ತಲಾಗಲಿಲ್ಲ. ಆಮೇಲೆ ಹಿತ್ತಲಿನ ತೊಟ್ಟಿಯವರೆಗೆ ಹೋಗಿ ಬರುವುದೇ ಒಂದು ಪ್ರಯಾಣವಾಯಿತು. ಮಾತಾಡಿದರೆ ನಾಲ್ಕು ಮಾತಿಗೊಮ್ಮೆ ನಿಲ್ಲಬೇಕು. ಮಲಗಿದರೆ ಎದೆಯ ಮೇಲೆ ಯಾರೋ ಕೂತ ಹಾಗೆ, ಹಾಗಾಗಿ ಗೋಡೆಗೆ ದಿಂಬು ಕೊಟ್ಟು ಕೂತೇ ನಿದ್ದೆ. ತಂಬಿಗೆ ಎತ್ತಿ ತಲೆಯ ಮೇಲೆ ನೀರು ಹೊಯ್ದುಕೊಳ್ಳಲೂ ಆಗದೆ ಹೋದಾಗ ಸೊಸೆ ಜೀವಿತಾ ಸ್ನಾನ ಮಾಡಿಸತೊಡಗಿದಳು. ಹಂಡೆ ಒಲೆಯ ಹೊಗೆ ಆಚೆ ಹೋಗಲಿ ಎಂದು ಬಚ್ಚಲ ಬಾಗಿಲು ಹಾರು ಹೊಡೆದು, ಪಕ್ಕದ ಮನೆಯವಳ ಜೊತೆ ಬೇಲಿಯಾಚೆಗೆ ಮಾತಾಡುತ್ತ, ಎಮ್ಮೆ ತೊಳೆದ ಹಾಗೆ ತೊಳೆಯುವಳು. "ಅತ್ತೇ, ತಿರುಗಿ. ಕೈ ಎತ್ತಿ. ಅಯ್ಯೋ, ಬೇಗ ಎತ್ತಿ ಅತ್ತೇ, ಒಲೆ ಮೇಲೆ ಹಾಲೈತೆ." ಗಿರಿಜಾಂಬಿಕಾ ಒದ್ದೆ ಮೈಯನ್ನು ಎರಡು ಕೈಯಲ್ಲಿ ಮುಚ್ಚಿಕೊಂಡು ಕೂರುತ್ತಿದ್ದಳು. ಗಂಡ ಹಿತ್ತಲಿಗೆ ಬಂದರೂ ಬಾಗಿಲು ಹಾಗೇ. ಕೂಲಿಯವರು ಬಂದರೂ ಹಾಗೇ. ನಾಚಿಕೆ ಅನ್ನುವುದು ಉಸಿರಿದ್ದವರಿಗೆ ಮಾತ್ರ ಎಂದು ಆ ಮನೆಯವರೆಲ್ಲ ತೀರ್ಮಾನಿಸಿಬಿಟ್ಟಿದ್ದರು.

ತಿಪಟೂರಿನ ಡಾಕ್ಟರು ಕೊಳವೆ ಊದಿಸಿ, ಎದೆಯ ಫೋಟೋ ತೆಗೆಸಿ, "ಮನೇಲಿ ಯಾರು ಬೀಡಿ ಸೇದೋದು?" ಎಂದು ಕೇಳಿದರು.

"ನಮ್ಮನೇಲಿ ಎಲೆ ಅಡಿಕೆನೂ ಇಲ್ಲ ಸ್ವಾಮಿ" ಎಂದ ಮರುಳಸಿದ್ದಯ್ಯ, ಎದೆಯುಬ್ಬಿಸಿ.

"ಒಲೆಗೆ ಏನು ಹಾಕ್ತೀರಾ?"

"ಮಟ್ಟೆ, ಚಿಪ್ಪು. ತೆಂಗಿನ ಸೀಮೆಯೋರಲ್ವಾ?"

ಡಾಕ್ಟರು ಪೆನ್ನು ಕೆಳಗಿಟ್ಟರು. ಸಿಓಪಿಡಿ ಅಂದರು. ಶ್ವಾಸಕೋಶದ ಕೊಳವೆಗಳು ಹೊಗೆ ಕುಡಿದು ಕಿರಿದಾಗಿವೆ, ಹೋದದ್ದು ವಾಪಸ್ಸು ಬರುವುದಿಲ್ಲ, ಉಳಿದದ್ದನ್ನು ಜೋಪಾನ ಮಾಡಿಕೊಂಡರೆ ಬಹಳ ವರ್ಷ ನೆಮ್ಮದಿಯಾಗಿರಬಹುದು ಎಂದರು. ಬಾಯಿಗಿಟ್ಟು ಎಳೆದುಕೊಳ್ಳುವ ಪಂಪು ಬರೆದುಕೊಟ್ಟರು.

ಆ ಪಂಪನ್ನು ಬಳಸಲು ಕಲಿಸಿದವಳು ಸಿಂಧು. ಊರ ಮುಂದಿನ ಆರೋಗ್ಯ ಉಪಕೇಂದ್ರದ ಹುಡುಗಿ, ದಂಡಿನಶಿವರದವಳು. ಪಂಪಿಗೊಂದು ಪ್ಲಾಸ್ಟಿಕ್ ಡಬ್ಬಿ ಸಿಕ್ಕಿಸಿ, ಒತ್ತಿ, ನಿಧಾನ ಎಳೆದು, ಹತ್ತು ಎಣಿಸುವ ತನಕ ಹಿಡಿದುಕೊಳ್ಳುವುದನ್ನು ತೋರಿಸಿದಳು. ಆಮೇಲೆ ಬಾಯಿ ಮುಕ್ಕಳಿಸಬೇಕು. ಬಿಸಿ ಹಾಲು ಆರಿಸುವ ಹಾಗೆ ತುಟಿ ಮುದುರಿ ಉಸಿರು ಬಿಡಬೇಕು. ಏದುಸಿರು ಬಂದ ಮೇಲೆ ನಿಲ್ಲುವುದಲ್ಲ, ಬರುವ ಮುಂಚೆಯೇ ನಿಲ್ಲಬೇಕು. ಕಟ್ಟಿಕೊಂಡರೆ ಕೂತು, ಮುಂದೆ ಬಾಗಿ, ಮೊಣಕೈ ಮಂಡಿಗೆ ಊರಬೇಕು. ಒಲೆ ಉರಿಯುವಾಗ ಬಚ್ಚಲಿಗೆ ಹೋಗಲೇಬಾರದು. ನೀರು ಕಾದ ಮೇಲೆ ಕೆಂಡ ಎಳೆದು, ಹೊಗೆ ಕಳೆದು, ಸ್ಟೂಲಿನ ಮೇಲೆ ಕೂತು, ಬಕೆಟ್ಟು ಮಂಡಿಯ ಎತ್ತರಕ್ಕಿಟ್ಟುಕೊಂಡು ಸಣ್ಣ ಚೊಂಬಿನಲ್ಲಿ ಹೊಯ್ದುಕೊಳ್ಳಬೇಕು.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಗಿರಿಜಾಂಬಿಕಾ ಸೊಸೆಯನ್ನು ಆಚೆ ಕಳಿಸಿ ಬಚ್ಚಲ ಚಿಲಕ ಹಾಕಿಕೊಂಡಳು. ತಾನೇ ಮಿಂದಳು. ಮುಕ್ಕಾಲು ಗಂಟೆ ಹಿಡಿಯಿತು. ಆಚೆ ಬಂದು, ತಲೆಗೆ ಟವೆಲ್ಲು ಸುತ್ತಿಕೊಂಡು, ಹಿತ್ತಲಿನ ಕಲ್ಲಿನ ಮೇಲೆ ಕೂತು ಅತ್ತಳು. ಅವಳಿಗೆ ಬದುಕಿನಿಂದ ಇನ್ನು ಬೇಕಾಗಿದ್ದದ್ದು ಇಷ್ಟೇ, ಚಿಲಕ ಹಾಕಿಕೊಂಡು ಒಂದು ಸ್ನಾನ. ಒಂದು ವರ್ಷ ಅದು ನಡೆಯಿತು ಕೂಡ.

ಪಂಪು ಮುಗಿಯುವ ಹೊತ್ತಿಗೆ ಸಿಂಧು ತಾನೇ ಬಂದು ಹಳೆಯದನ್ನು ಎತ್ತಿಕೊಂಡು ಹೊಸದು ಕೊಡುತ್ತಿದ್ದಳು. ಆದರೆ ಈ ಗೌರಿಹಬ್ಬದ ಮಾರನೇ ದಿನ ಬಂದಾಗ ಅವಳಿಗೆ ತುಂಬಿದ ತಿಂಗಳು.

"ಅಮ್ಮಾ, ನಾನು ಹೆರಿಗೆ ರಜೆ ಹಾಕ್ತಿದೀನಿ. ಇದು ಇವತ್ತಿಂದ ಶುರು. ಇದರಲ್ಲಿ ಇನ್ನೂರು ಸಲಕ್ಕೆ ಔಷಧಿ ಇರುತ್ತೆ. ಬೆಳಿಗ್ಗೆ ಎರಡು, ಸಂಜೆ ಎರಡು, ಐವತ್ತು ದಿನ. ಐವತ್ತೊಂದನೇ ದಿನ ಬಿಸಾಕಿ ಹೊಸದು ತರಿಸ್ಕೊಳ್ಳಿ, ಚೀಟಿ ಇಲ್ಲಿದೆ. ಆಮೇಲೂ ಒತ್ತಿದ್ರೆ ಬುಸ್ ಅನ್ನುತ್ತೆ, ಅಲ್ಲಾಡಿಸಿದ್ರೆ ಸದ್ದು ಬರುತ್ತೆ. ಅದು ಬರೀ ಗಾಳಿ. ಮೋಸ ಹೋಗ್ಬೇಡಿ."

ಆ ಪಂಪಿನ ಮೇಲೆ ಎಷ್ಟು ಉಳಿದಿದೆ ಎಂದು ತೋರಿಸುವ ಅಂಕಿಯಿರಲಿಲ್ಲ. ಗಿರಿಜಾಂಬಿಕಾ ದಿನಕ್ಕೊಂದರಂತೆ ಬಚ್ಚಲ ಗೋಡೆಗೆ ಇದ್ದಿಲಿನಲ್ಲಿ ಗೆರೆ ಎಳೆದಳು. ಸಿಂಧು ಈ ಮಾತು ಹೇಳುವಾಗ ಮರುಳಸಿದ್ದಯ್ಯ ಮನೆಯಲ್ಲಿರಲಿಲ್ಲ. ಯಾರದೋ ಅಟ್ಟದಲ್ಲಿ ಕಣ್ಣು ಮುಚ್ಚಿಕೊಂಡು ಕೂತಿದ್ದ.

ಆಯುಧಪೂಜೆಗೆ ಮುಂಚೆ ಮನೆಗೆ ಸುಣ್ಣ ಬಳಿಸಿದರು. ಬಚ್ಚಲ ಗೋಡೆಯ ಗೆರೆ ನೋಡಿ ಮರುಳಸಿದ್ದಯ್ಯ, "ಇದೇನೇ ಇದು, ಸಣ್ಣ ಮಕ್ಕಳ ಥರ ಗೀಚಿದೀಯಾ?" ಎಂದು ಎರಡು ಕೈ ಸುಣ್ಣ ಹೆಚ್ಚಿಗೆ ಹೊಡೆಸಿದ. ಅವಳು ಅಲ್ಲಿಂದ ಮುಂದೆ ಬೆರಳಿನಲ್ಲಿ, ಹಬ್ಬದಿಂದ ಹಬ್ಬಕ್ಕೆ, ನೆನಪಿನಲ್ಲೇ ಎಣಿಸಿದಳು. ಐವತ್ತು ದಿನ ತುಂಬಿತು ಅನ್ನಿಸಿದಾಗ ಗಂಡ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ. ಮಗ ಪರಮೇಶ ತಿಪಟೂರಿಗೆ ಹೊರಟು ಬೈಕು ಒರೆಸುತ್ತಿದ್ದ.

"ಐವತ್ತು ದಿನ ಆಯ್ತು ಕಣ್ರೀ. ಪರಮೇಶನ ಕೈಲಿ... ಹೊಸ ಪಂಪು ತರ್ಸಿ."

"ಐವತ್ತು ಅಂತ ಯಾರ್ ಹೇಳಿದ್ದು?"

"ಗೆರೆ ಎಳ್ದಿದ್ದೆ."

"ಎಲ್ಲೈತೆ ಗೆರೆ? ತೋರ್ಸು."

ಗೋಡೆ ಬೆಳ್ಳಗಿತ್ತು.

"ಇತ್ಲಾಗ್ ತಾ" ಎಂದು ಪಂಪು ಇಸಕೊಂಡ. ಬಲಗಿವಿಗೆ ಹಿಡಿದ. ಮೂರು ಸಲ ಅಲ್ಲಾಡಿಸಿದ. ಕಣ್ಣು ಮುಚ್ಚಿದ. ಒಳಗೆ ಗುಳುಗುಳು ಅಂದಿತು.

"ಇನ್ನೂ ಮುಕ್ಕಾಲು ಐತೆ."

"ಸಿಂಧು ಹೇಳಿದ್ಲು, ಸದ್ದು ಬಂದ್ರೂ..."

"ಆ ಹುಡ್ಗಿಗೆ ನೀರ್ ಕಾಯಿ ಯಾವ್ದು ಕೊಬ್ರಿ ಕಾಯಿ ಯಾವ್ದು ಅಂತ ಗೊತ್ತೇನೇ? ನಲವತ್ತು ವರ್ಷದ ಕಿವಿ ಕಣೇ ಇದು. ತುಂಬಿರೋದ್ನ ಬಿಸಾಕ್ತಾರಾ ಯಾರಾದ್ರೂವೆ?"

ಪರಮೇಶ ಅಪ್ಪನ ಮುಖ ನೋಡಿದ. "ಅಪ್ಪ ಹೇಳಿದ್ಮೇಲೆ ಐತೆ ಬುಡವ್ವಾ" ಎಂದು ಬೈಕು ಸ್ಟಾರ್ಟ್ ಮಾಡಿದ.

ಇವನು ಜಿಪುಣ ಅಂದುಕೊಳ್ಳಬೇಡಿ. ಹೆಂಡತಿಗೆಂದು ಹತ್ತು ಪಂಪು ಬೇಕಾದರೂ ತರಿಸುತ್ತಿದ್ದ. ಕಿವಿ ಐತೆ ಅಂದ ಮೇಲೆ ಇಲ್ಲ ಎಂದು ಒಪ್ಪಿಕೊಳ್ಳುವುದು ಮಾತ್ರ ಅವನಿಂದಾಗದ ಕೆಲಸ. ಎಂಥ ಪಾಪಿ ಕಿವಿಯೋ ಅದು! ಆದರೆ ಇನ್ನೊಂದು ಮಾತೂ ಹೇಳಬೇಕು. ಗಿರಿಜಾಂಬಿಕಾಳೂ ಆ ಕಿವಿಯನ್ನು ನಂಬಿದಳು. ನಂಬದೆ ಏನು ಮಾಡುತ್ತಾಳೆ? ಮೂವತ್ತೆಂಟು ವರ್ಷ ಅವಳು ಉಂಡದ್ದು, ಉಟ್ಟದ್ದು, ಮಗನಿಗೆ ಮದುವೆ ಮಾಡಿದ್ದು ಎಲ್ಲ ಆ ಕಿವಿ ಹೇಳಿದ ಸತ್ಯದಿಂದಲೇ. ಒಂದು ದಿನ ಹೆಂಚಿನ ಗಾಜಿನಿಂದ ಬಿಸಿಲುಕೋಲು ಇಳಿದಿದ್ದಾಗ ಅದಕ್ಕೆ ಹಿಡಿದು ಪಂಪು ಒತ್ತಿ ನೋಡಿದಳು. ಬುಸ್ ಎಂದು ಬೆಳ್ಳಗೆ ಮಂಜು ಎದ್ದಿತು. ಔಷಧಿ ಇದೆ, ನನ್ನ ಎದೆಯೇ ಅದನ್ನು ಒಪ್ಪುತ್ತಿಲ್ಲ, ಇನ್ನು ನನ್ನ ಕಾಲ ಮುಗಿಯುತ್ತ ಬಂತು ಎಂದುಕೊಂಡಳು. ಖಾಲಿ ಪಂಪನ್ನು ದಿನಕ್ಕೆ ನಾಲ್ಕು ಸಲ, ತಪ್ಪದೆ, ಒತ್ತಿ, ಹತ್ತು ಎಣಿಸಿ, ಬಾಯಿ ಮುಕ್ಕಳಿಸಿ, ಗಾಳಿ ನುಂಗಿದಳು.

ಒಂದೊಂದೇ ಸುಖ ವಾಪಸ್ಸು ಹೋಯಿತು. ಮೊದಲು ಹಿತ್ತಲು, ಆಮೇಲೆ ಮಾತು, ಆಮೇಲೆ ಚಿಲಕ. ಬಚ್ಚಲ ಬಾಗಿಲು ಮತ್ತೆ ಹಾರು ಹೊಡೆಯಿತು. "ಚೆನ್ನಾಗಿದ್ರಲ್ಲ ಅತ್ತೇ, ಮತ್ತೇನ್ ಬಂತು?" ಎಂದು ಜೀವಿತಾ ಗದರಿದಳು. "ಸರಿಯಾಗ್ ಎಳ್ಕೊಳ್ಳಲ್ಲ, ಸೋಮಾರಿ" ಎಂದು ಗಂಡ ತೀರ್ಪು ಕೊಟ್ಟ.

ಕಾರ್ತಿಕದ ಒಂದು ಬುಧವಾರ ಅವಳು ಯಾರಿಗೂ ಹೇಳದೆ ಮನೆಯಿಂದ ಹೊರಬಿದ್ದಳು. ಉಪಕೇಂದ್ರ ಎರಡು ಫರ್ಲಾಂಗು. ಸಿಂಧು ಇಲ್ಲದಿದ್ದರೆ ಬೇರೆ ಯಾರಾದರೂ ಇರುತ್ತಾರೆ, ಈ ಎದೆಗೆ ಇನ್ನೇನಾದರೂ ಇದೆಯಾ ಎಂದು ಕೇಳುತ್ತೇನೆ ಎಂದುಕೊಂಡಿದ್ದಳು. ಕಲಿತದ್ದನ್ನೆಲ್ಲ ಆ ದಾರಿಯಲ್ಲಿ ಖರ್ಚು ಮಾಡಿದಳು. ಹತ್ತು ಹೆಜ್ಜೆಗೊಮ್ಮೆ ನಿಂತು, ತುಟಿ ಮುದುರಿ, ಹಾಲು ಆರಿಸಿದಳು. ಮೋರಿ ಕಟ್ಟೆಯ ಮೇಲೆ ಕೂತು ಮೊಣಕೈ ಊರಿದಳು. "ಎಲ್ಲಿಗವ್ವಾ?" ಎಂದವರಿಗೆ ಕೈಯಲ್ಲೇ ತೋರಿಸಿದಳು. ಒಂದು ಗಂಟೆ ಹಿಡಿದು ಹೋಗಿ ಮುಟ್ಟಿದರೆ ಬೀಗ. ಬದಲಿಯವರು ಮಂಗಳವಾರ, ಶುಕ್ರವಾರ ಬರುತ್ತಾರೆ ಎಂದು ಚೀಟಿ ಅಂಟಿಸಿದ್ದರು. ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಆಗ ಬರಬೇಕೇ ಶಂಭುಲಿಂಗಯ್ಯನವರ ಕಾರು! ಮುಂದಿನ ಸೀಟಿನಲ್ಲಿ ಮರುಳಸಿದ್ದಯ್ಯ. ಬೀಗ ಹಾಕಿದ ಬಾಗಿಲ ಮುಂದೆ ತಲೆ ಕೆದರಿಕೊಂಡು, ಬಾಯಿ ತೆರೆದುಕೊಂಡು ಕೂತಿದ್ದ ಹೆಂಡತಿಯನ್ನು ಕಂಡು ಅವನ ಮುಖ ಕಪ್ಪಿಟ್ಟಿತು. ಹಿಂದಿನ ಸೀಟಿಗೆ ಹತ್ತಿಸಿಕೊಂಡು ಮನೆಗೆ ತಂದರು. ಕಾರಿಳಿದವನೇ ಅವನು ಒಳಗಿನಿಂದ ಪಂಪು ತಂದು ಜಗಲಿಯಲ್ಲಿ ನಿಂತ.

"ಸಾವ್ಕಾರ್ರೇ, ನೀವೇ ಕೇಳಿ. ಮನೇಲಿ ಔಷಧಿ ಮಡಗ್ಕಂಡು ಬೀದೀಲಿ ಕೂತು ನನ್ ಮಾನ ತೆಗೀತಾಳೆ."

ಶಂಭುಲಿಂಗಯ್ಯ ಅಲ್ಲಾಡಿಸಿ ನೋಡಿ, "ಸದ್ದು ಐತಪ್ಪ" ಎಂದರು. ಅವರಿಗೂ ಹೋಗಲು ಹೊತ್ತಾಗಿತ್ತು.

ಮರುಳಸಿದ್ದಯ್ಯ ಅದನ್ನು ಹೆಂಡತಿಯ ಕಿವಿಗೆ ಹಿಡಿದ. ಗುಳುಗುಳು, ಗುಳುಗುಳು. "ಕೇಳು. ಐತೋ ಇಲ್ವೋ ಹೇಳು."

"ಐತೆ."

"ಅವ್ರಿಗ್ ಕೇಳೋ ಹಂಗೆ ಹೇಳು."

ಅವಳ ಹತ್ತಿರ ಒಂದು ಮಾತಿಗಾಗುವಷ್ಟೇ ಉಸಿರು ಉಳಿದಿತ್ತು. "ಐತೆ" ಎಂದು ಎರಡನೇ ಸಲ ಹೇಳಲು ಅವಳು ಕಂಬ ಹಿಡಿದುಕೊಳ್ಳಬೇಕಾಯಿತು. ಮಾರನೇ ದಿನದಿಂದ ಅವಳನ್ನು ಒಬ್ಬಳೇ ಹೊಸಿಲು ದಾಟಲು ಬಿಡಲಿಲ್ಲ. ಶುಕ್ರವಾರ ಬದಲಿಯವರು ಬಂದರು, ಹೋದರು.

ಕಡೇ ಕಾರ್ತಿಕ ಸೋಮವಾರ ಮನೆಯಲ್ಲಿ ಪೂಜೆ. ನೆಂಟರು ಬರುವವರಿದ್ದರು. ಬೆಳಿಗ್ಗೆ ಎಂಟಾದರೂ ತೋಟದಲ್ಲಿ ಮಂಜು ಕರಗಿರಲಿಲ್ಲ. ಒದ್ದೆ ಮಟ್ಟೆ ಹಾಕಿದ ಹಂಡೆ ಒಲೆ ಹೊಗೆಯುತ್ತಲೇ ಇತ್ತು. "ಅತ್ತೇ, ಜನ ಬರೋ ಹೊತ್ತು, ಬೇಗ ಬನ್ನಿ, ಎರಡು ಚೊಂಬು ಹೊಯ್ದುಬುಡ್ತೀನಿ" ಎಂದು ಜೀವಿತಾ ಕರೆದಳು. ಹಿತ್ತಲಿನಲ್ಲಿ ಪರಮೇಶನೂ ಇನ್ನಿಬ್ಬರು ಗಂಡಸರೂ ಬಾಳೆ ಎಲೆ ಕೊಯ್ಯುತ್ತಿದ್ದರು.

ಗಿರಿಜಾಂಬಿಕಾ ಅವರನ್ನು ನೋಡಿದಳು. ತೆರೆದ ಬಾಗಿಲು ನೋಡಿದಳು. "ಇವತ್... ನಾನೇ" ಎಂದಳು.

"ಆಯ್ತು, ನಿಮ್ಮಿಷ್ಟ" ಎಂದು ಜೀವಿತಾ ಹೋಳಿಗೆ ಕಡೆ ಓಡಿದಳು. ಕೆಂಡ ಎಳೆಯಬೇಕೆಂದು ಯಾರಿಗೂ ನೆನಪಾಗಲಿಲ್ಲ, ಎಳೆಯುವ ಶಕ್ತಿ ಇವಳಿಗಿರಲಿಲ್ಲ.

ಅವಳು ಮೊದಲು ಪಂಪು ಎರಡು ಸಲ ಎಳೆದುಕೊಂಡು ಹತ್ತು ನಿಮಿಷ ಕಾದಳು, ಹೇಳಿಕೊಟ್ಟ ಹಾಗೆಯೇ. ಆಮೇಲೆ ಅದನ್ನು ಹಿಡಿದುಕೊಂಡೇ ಬಚ್ಚಲಿಗೆ ಹೋಗಿ ಚಿಲಕ ಹಾಕಿದಳು. ಸ್ಟೂಲಿನ ಮೇಲೆ ಕೂತಳು. ಮೊದಲ ಚೊಂಬು ಹೆಗಲಿಗೆ ಹೊಯ್ದುಕೊಂಡಾಗ ಬಿಸಿನೀರು ಬೆನ್ನಿಗಿಳಿಯಿತು. ಯಾರೂ ನೋಡುತ್ತಿರಲಿಲ್ಲ. ಯಾರೂ ತಿರುಗು ಅನ್ನಲಿಲ್ಲ. ಎರಡನೆಯದು, ಮೂರನೆಯದು ಹೊಯ್ದಳು. ನಾಲ್ಕನೆಯದಕ್ಕೆ ಕೈ ಏಳಲಿಲ್ಲ. ಮಂಜಿನ ಭಾರಕ್ಕೆ ಹೊಗೆ ಹೆಂಚಿನ ಸಂದಿಯಿಂದ ಮೇಲೆ ಹೋಗದೆ ಅವಳ ಸುತ್ತ ಇಳಿಯುತ್ತಿತ್ತು. ತುಟಿ ಮುದುರಿದಳು. ಹಾಲು ಆರಲಿಲ್ಲ. ಚಿಲಕ ಮೂರು ಮೊಳ ದೂರದಲ್ಲಿತ್ತು, ಪಂಪು ಕೈಯಲ್ಲೇ ಇತ್ತು. ಅವಳು ಪಂಪನ್ನೇ ನಂಬಿ ಒತ್ತಿದಳು. ಮತ್ತೆ ಒತ್ತಿದಳು. ಬುಸ್, ಬುಸ್, ಬುಸ್.

ಆಚೆಯಿಂದ ಮರುಳಸಿದ್ದಯ್ಯ, "ಎಷ್ಟೊತ್ತೇ ಅದು?" ಎಂದು ಕೂಗಿದ.

"ಪಂಪು ಹೊಡ್ಕಂತಾವ್ರೆ ಮಾವ, ಸದ್ದು ಕೇಳ್ತೈತೆ. ಇನ್ನೇನ್ ಬತ್ತಾರೆ" ಎಂದಳು ಜೀವಿತಾ.

ಸದ್ದು ನಿಂತ ಎಷ್ಟೋ ಹೊತ್ತಿನ ಮೇಲೆ ಪರಮೇಶ ಕಾಯಿ ಸುಲಿಯುವ ಹಾರೆ ತಂದು ಬಾಗಿಲು ಮೀಟಿದ. ಅವಳು ಸ್ಟೂಲಿನ ಮೇಲೇ ಇದ್ದಳು. ಗೋಡೆಗೆ ಹೆಗಲು ಒತ್ತಿಕೊಂಡು ಮುಂದೆ ಬಾಗಿ, ಎರಡೂ ಮೊಣಕೈ ಮಂಡಿಗೆ ಊರಿಕೊಂಡು, ಸಿಂಧು ತೋರಿಸಿದ ಹಾಗೆ ಕೂತಿದ್ದಳು. ಬಾಳೆ ಎಲೆ ಕೊಯ್ಯುತ್ತಿದ್ದ ಗಂಡಸರೆಲ್ಲ ಬಾಗಿಲಲ್ಲಿ ನಿಂತು ನೋಡಿದರು.

ಆ ಮನೆಯವರ ಕುಲದಲ್ಲಿ ಹೆಣವನ್ನು ಕೂರಿಸಿಯೇ ಮಣ್ಣು ಮಾಡುವ ಪದ್ಧತಿ. ಐದು ವರ್ಷದಿಂದ ಬೆನ್ನು ನೆಲಕ್ಕೆ ಕೊಡದವಳನ್ನು ತೋಟದ ಮೂಲೆಯಲ್ಲಿ, ವಿಭೂತಿ ಬಳಿದು, ಕೂರಿಸಿದರು. ಮರುಳಸಿದ್ದಯ್ಯ ಅತ್ತ. ನಿಜವಾಗಿಯೂ ಅತ್ತ, ಅದರಲ್ಲಿ ಸುಳ್ಳಿರಲಿಲ್ಲ. "ಎಲ್ಲಾನೂ ಇತ್ತು ಕಣ್ರಪ್ಪ, ಔಷಧಿ ಕೈಯಾಗೇ ಮಡಗ್ಕಂಡು ಹೋದ್ಲು. ಅವಳ ಆಯಸ್ಸೇ ಅಷ್ಟು" ಎಂದು ಬಂದವರಿಗೆಲ್ಲ ಪಂಪು ಅಲ್ಲಾಡಿಸಿ ಕೇಳಿಸಿದ. ಬಂದವರೆಲ್ಲ ಕಿವಿಗೊಟ್ಟು ಕೇಳಿ, ಹೌದೆಂದು ತಲೆಯಾಡಿಸಿದರು.

ಹನ್ನೊಂದನೇ ದಿನ ಊಟಕ್ಕೆ ಅಂಕಮ್ಮ ಬಂದಿದ್ದಳು. ಹಿತ್ತಲಿನಲ್ಲಿ ಕೂತು, ತುತ್ತಿಗೊಮ್ಮೆ ಕೆಮ್ಮಿ, ಎದೆ ಒತ್ತಿಕೊಂಡು ಉಣ್ಣುತ್ತಿದ್ದಳು. ಮರುಳಸಿದ್ದಯ್ಯ ಸ್ವಲ್ಪ ಹೊತ್ತು ನೋಡಿದ. ಅವನ ಮನಸ್ಸು ಕರಗಿತು. ಒಳಗೆ ಹೋಗಿ ಪಂಪನ್ನೂ ಪ್ಲಾಸ್ಟಿಕ್ ಡಬ್ಬಿಯನ್ನೂ ತಂದು ಅವಳ ಮುಂದೆ ಹಿಡಿದ.

"ತಗಾ. ನಮ್ಮವಳದ್ದು. ನಿನ್ ಕೆಮ್ಮಿಗೂ ಇದೇಯ. ದಿನಾ ಎರಡು ಹೊತ್ತು ಎಳ್ಕಾ, ಜೀವಿತಾ ತೋರ್ಸ್ತಾಳೆ."

"ನನ್ಗ್ಯಾಕ್ ಬುದ್ಧಿ, ಮುಗುದೋಗಿರಾದು..."

ಅವನು ಅವಳ ಕಿವಿಯ ಹತ್ತಿರ ಹಿಡಿದು ಮೂರು ಸಲ ಅಲ್ಲಾಡಿಸಿದ. "ಎಲ್ಲಿ ಮುಗುದೈತೆ? ಇನ್ನೂ ಮುಕ್ಕಾಲು ಐತೆ."

ಅಂಕಮ್ಮ ಎಂಜಲು ಕೈ ತೊಳೆದುಕೊಂಡು ಬಂದು ಎರಡೂ ಕೈಯಲ್ಲಿ ಇಸಕೊಂಡಳು, ಕಣ್ಣಿಗೊತ್ತಿಕೊಂಡಳು, ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಮುಂದಿನ ಸೋಮವಾರ ಅದೇ ಮನೆಯಲ್ಲಿ ಕೊಬ್ಬರಿ ಒಡೆಯಲು ಶುರುವಾಯಿತು. ಪ್ರತಿ ವರ್ಷ ಮೂಗಿಗೊಂದು ಬಟ್ಟೆ ಕಟ್ಟಿಕೊಂಡು ಕೂರುತ್ತಿದ್ದವಳು ಈ ಸಲ ಅದನ್ನು ಕಟ್ಟಿಕೊಳ್ಳಲಿಲ್ಲ. ಔಷಧಿ ಇದೆಯಲ್ಲ ಎಂದು ಜೀವಿತಾಳಿಗೆ ಸೆರಗಿನ ಗಂಟು ತೋರಿಸಿ, ಧೂಳಿನ ನಡುವೆ ಕೂತು ಮೊದಲ ಚಿಪ್ಪು ಒಡೆದಳು.